ಮುಂದಿನ ಸಾಲಿಗೆ ಯಾರು?



ಈ ವಾರ ಎರಡು ಪತ್ರಗಳಿಗೆ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಮೊದಲನೆಯದು ಹಾಸನದ ಅಜ್ಜಿಯೊಬ್ಬರದು. ಅವರ ಮಗಳ ಸಂಸಾರ ನ್ಯೂಜಿಲೆಂಡಿನಲ್ಲಿದೆ. ಹದಿಮೂರು ವರ್ಷದ ಮೊಮ್ಮಗನನ್ನು ಶಾಲೆಯ ರಗ್ಬಿ ತಂಡದ ಮುಂದಿನ ಸಾಲಿಗೆ ಆರಿಸಿದ್ದಾರಂತೆ. ಹುಡುಗ ಖುಷಿಯಿಂದ ಫೋನಿನಲ್ಲಿ ವಿಡಿಯೊ ಕಳಿಸಿದ್ದಾನೆ. ಅದನ್ನು ನೋಡಿ ಅಜ್ಜಿಗೆ ರಾತ್ರಿ ನಿದ್ದೆ ಇಲ್ಲ. “ಟಗರು ಕಾಳಗದ ಹಾಗೆ ಹುಡುಗರು ತಲೆ ತಗ್ಗಿಸಿ ತಳ್ಳಾಡುತ್ತಾರೆ. ಕತ್ತಿಗೆ ಏನಾದರೂ ಆದರೆ ಗತಿ ಏನು? ಬೇಡ ಅಂತ ಮಗಳಿಗೆ ಹೇಳಲೇ?” ಎಂದು ಕೇಳಿದ್ದಾರೆ.

ಎರಡನೆಯದು ಮಂಡ್ಯದ ಆರನೇ ತರಗತಿ ಹುಡುಗನದು. ಅವನದು ಒಂದೇ ಸಾಲು: “ತಾತ, ರಗ್ಬಿಗೆ ದಪ್ಪಗಿರುವವರನ್ನೇ ಆರಿಸುತ್ತಾರಾ?”

ಕಳೆದ ವರ್ಷ ನಾನು ಆರು ತಿಂಗಳು ಆಕ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೆ. ನಮ್ಮಲ್ಲಿ ಬೇಸಗೆ ಮುಗಿಯುವಾಗ ಅಲ್ಲಿ ಚಳಿಗಾಲ ಶುರುವಾಗುತ್ತದೆ. ಚಳಿಗಾಲವೆಂದರೆ ಅಲ್ಲಿನ ಶಾಲೆಗಳಿಗೆ ರಗ್ಬಿ ಕಾಲ. ನನ್ನ ಮೊಮ್ಮಗನೂ ಹದಿನಾಲ್ಕು ವರ್ಷದೊಳಗಿನವರ ತಂಡದಲ್ಲಿದ್ದ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ಕಬಡ್ಡಿ, ಖೋ ಖೋ ಆಡಿಸಿದವನಿಗೆ ಮೈದಾನ ಕಂಡರೆ ಮನೆಯಲ್ಲಿ ಕೂರಲು ಮನಸ್ಸು ಬರುತ್ತದೆಯೇ? ವಾರಕ್ಕೆ ಎರಡು ಸಂಜೆ ಅಭ್ಯಾಸ, ಶನಿವಾರ ಬೆಳಿಗ್ಗೆ ಪಂದ್ಯ. ಮಫ್ಲರ್ ಸುತ್ತಿಕೊಂಡು ಎಲ್ಲಕ್ಕೂ ಹೋದೆ. ಅಲ್ಲಿ ನೋಡಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಸ್ಕ್ರಮ್ ಎಂದರೇನು?

ರಗ್ಬಿ ತಂಡದಲ್ಲಿ ಹದಿನೈದು ಜನ. ಒಂದರಿಂದ ಎಂಟರವರೆಗಿನ ನಂಬರಿನವರು ಫಾರ್ವರ್ಡ್‌ಗಳು. ಉಳಿದ ಏಳು ಮಂದಿ ಬ್ಯಾಕ್‌ಗಳು. ಕಷ್ಟಪಟ್ಟು ಚೆಂಡು ಗಳಿಸಿಕೊಡುವುದು ಹೆಚ್ಚಾಗಿ ಫಾರ್ವರ್ಡ್‌ಗಳ ಕೆಲಸ, ಅದನ್ನು ಹಿಡಿದು ಓಡುವುದು ಹೆಚ್ಚಾಗಿ ಬ್ಯಾಕ್‌ಗಳ ಕೆಲಸ.

ಈ ಆಟದಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಕೈತಪ್ಪಿ ಚೆಂಡು ಮುಂದಕ್ಕೆ ಬಿದ್ದರೆ ರೆಫರಿ ಸೀಟಿ ಊದಿ ಸ್ಕ್ರಮ್ ಎನ್ನುತ್ತಾರೆ. ಆಗ ಎರಡೂ ತಂಡದ ಎಂಟೆಂಟು ಫಾರ್ವರ್ಡ್‌ಗಳು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ಎದುರುಬದುರು ಹೆಗಲು ಕೊಟ್ಟು ನಿಲ್ಲುತ್ತಾರೆ. ನಡುವಿನ ಸಂದಿಗೆ ಚೆಂಡು ಹಾಕುತ್ತಾರೆ. ಅದನ್ನು ಕಾಲಿನಿಂದ ತಮ್ಮ ಹಿಂದಕ್ಕೆ ಎಳೆದುಕೊಳ್ಳಬೇಕು, ಜೊತೆಗೆ ಎದುರಿನವರನ್ನು ತಳ್ಳಬೇಕು.

ಮೊದಲ ಸಾಲಿನಲ್ಲಿ ಮೂವರು. ಎರಡು ತುದಿಯಲ್ಲಿ ಪ್ರಾಪ್‌ಗಳು. ಪ್ರಾಪ್ ಎಂದರೆ ಆಸರೆ. ಗೊನೆಯ ಭಾರಕ್ಕೆ ಬಾಳೆಗಿಡ ಬೀಳದಿರಲಿ ಎಂದು ಕವೆಗೋಲು ಕೊಡುತ್ತೇವಲ್ಲ, ಆ ಕೆಲಸ ಇವರದು. ನಡುವೆ ಹೂಕರ್. ಹುಕ್ ಎಂದರೆ ಕೊಕ್ಕೆ, ಕಾಲನ್ನೇ ಕೊಕ್ಕೆ ಮಾಡಿ ಚೆಂಡು ಎಳೆಯುವವನು. ಅವರ ಹಿಂದೆ ಇಬ್ಬರು ಲಾಕ್‌ಗಳು. ಇಬ್ಬರ ತಲೆಯೂ ಹೂಕರ್ ಮತ್ತು ಪ್ರಾಪ್ ನಡುವಿನ ಸಂದಿಯಲ್ಲಿರುತ್ತದೆ. ಎರಡು ಪಕ್ಕದಲ್ಲಿ ಒಬ್ಬೊಬ್ಬ ಫ್ಲ್ಯಾಂಕರ್. ಎಲ್ಲರಿಗಿಂತ ಹಿಂದೆ ಎಂಟನೇ ನಂಬರಿನವನು.

ಹದಿಮೂರು ವರ್ಷದ ಹುಡುಗ 50 ಕಿಲೊ ಎಂದು ಇಟ್ಟುಕೊಳ್ಳಿ. ಎಂಟು ಜನಕ್ಕೆ 400 ಕಿಲೊ ಆಯಿತು. ಎದುರಿಗೂ ಅಷ್ಟೇ. ಆ ಎರಡು ಭಾರಗಳ ನಡುವೆ ಇರುವುದು ಮೊದಲ ಸಾಲಿನ ಮೂವರ ಹೆಗಲು, ಕತ್ತು, ಬೆನ್ನು. ಹಾಸನದ ತಾಯಿ ಹೆದರಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ.

ಶಾಲೆಯಲ್ಲೇ ಹುಟ್ಟಿದ ಆಟ

ಈ ಆಟಕ್ಕೆ ಹೆಸರು ಬಂದದ್ದೇ ಒಂದು ಶಾಲೆಯಿಂದ. ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆ ಅದು. 1845ರಲ್ಲಿ ಅಲ್ಲಿನ ಮೂವರು ದೊಡ್ಡ ತರಗತಿಯ ಹುಡುಗರು ಕೂತು ಆಟದ ನಿಯಮಗಳನ್ನು ಮೊದಲ ಸಲ ಬರೆದಿಟ್ಟರು. ನ್ಯೂಜಿಲೆಂಡಿಗೂ ಇದು ಹೋದದ್ದು ಶಾಲೆಯ ಬಾಗಿಲಿನಿಂದಲೇ. ಲಂಡನ್ನಿನಲ್ಲಿ ಓದಿ ಊರಿಗೆ ಮರಳಿದ ಚಾರ್ಲ್ಸ್ ಮನ್ರೊ ಎಂಬ ತರುಣ ಇದನ್ನು ಕಲಿಸಿದ. 1870ರ ಮೇ 14ರಂದು ನೆಲ್ಸನ್ ಕಾಲೇಜಿನ ಹುಡುಗರಿಗೂ ಆ ಊರಿನವರಿಗೂ ಮೊದಲ ಪಂದ್ಯ ನಡೆಯಿತು.

ನಮ್ಮ ದೇಶಕ್ಕೂ ಒಂದು ನಂಟಿದೆ, ಮಕ್ಕಳು ನೆನಪಿಟ್ಟುಕೊಳ್ಳಿ. ಕೊಲ್ಕತ್ತಾದಲ್ಲಿ ಬ್ರಿಟಿಷರು ನಡೆಸುತ್ತಿದ್ದ ರಗ್ಬಿ ಕ್ಲಬ್ 1878ರಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಅದರ ಹಿಡಿಕೆಗಳು ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ‘ಕಲ್ಕತ್ತಾ ಕಪ್’ಗಾಗಿ ಆಡುತ್ತಿವೆ.

ಮೊದಲ ಪಾಠ: ತಳ್ಳುವುದಲ್ಲ

ಈಗ ಆಕ್ಲೆಂಡಿನ ಶಾಲೆಗೆ ಬರೋಣ. ಅಲ್ಲಿನ ಕೋಚ್ ಐವತ್ತು ದಾಟಿದವರು, ಮಾತು ಕಡಿಮೆ. ಮೊದಲ ಸಂಜೆ ಹುಡುಗರೆಲ್ಲ ಸ್ಕ್ರಮ್ ಮಾಡುವ ಆತುರದಲ್ಲಿದ್ದರು. ಅವರು ಚೆಂಡನ್ನೇ ಹೊರಗೆ ತೆಗೆಯಲಿಲ್ಲ. ಎಲ್ಲರನ್ನೂ ಅಂಬೆಗಾಲಿನ ಮಗುವಿನ ಹಾಗೆ ಹುಲ್ಲಿನ ಮೇಲೆ ಊರಿಸಿದರು. “ಈಗ ಮಂಡಿಯನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿ” ಎಂದರು. ಅರ್ಧ ತುಂಬಿದ ನೀರಿನ ಬಾಟಲಿಯನ್ನು ಪ್ರತಿಯೊಬ್ಬನ ಬೆನ್ನಿನ ಮೇಲೆ ಅಡ್ಡ ಮಲಗಿಸಿದರು. ಬೆನ್ನು ಡೊಂಕಾದರೆ ಬಾಟಲಿ ಉರುಳುತ್ತದೆ. ಅಷ್ಟೇ ಆಟ. ನಗುವವರು ನಕ್ಕರು, ಉರುಳಿಸಿದವರು ಮತ್ತೆ ಇಟ್ಟುಕೊಂಡರು. ಎರಡು ವಾರ ಇದೇ ನಡೆಯಿತು.

ನಾನು ನೋಡಿ ತಿಳಿದುಕೊಂಡದ್ದು ಇಷ್ಟು. ಸ್ಕ್ರಮ್‌ನಲ್ಲಿ ಬೆನ್ನು ಹಲಗೆಯ ಹಾಗೆ ನೇರವಾಗಿರಬೇಕು. ಹೆಗಲು ಸೊಂಟಕ್ಕಿಂತ ಕೆಳಗೆ ಇಳಿಯಬಾರದು, ಇದು ನಿಯಮ. ಗಲ್ಲ ಎದೆಗೆ ತಾಗಬಾರದು, ಕಣ್ಣು ಮುಂದೆ ನೋಡುತ್ತಿರಬೇಕು. ತಲೆ ಬಗ್ಗಿಸಿದ ಕೂಡಲೇ ಬೆನ್ನು ಬಾಗುತ್ತದೆ, ಭಾರವೆಲ್ಲ ಕತ್ತಿನ ಮೇಲೆ ಬರುತ್ತದೆ. ಅಪಾಯ ಅಲ್ಲಿದೆ. ಪಾದಗಳ ನಡುವೆ ಭುಜದಷ್ಟು ಅಗಲ, ಮಂಡಿ ಮಡಚಿರಬೇಕು, ಕಾಲ್ಬೆರಳು ನೆಲ ಕಚ್ಚಿರಬೇಕು. ಶಕ್ತಿ ಬರುವುದು ತೊಡೆಯಿಂದ, ತಲೆಯಿಂದಲ್ಲ. ಟಗರು ಗುದ್ದುವುದು ತಲೆಯಿಂದ. ಸ್ಕ್ರಮ್ ನಿಲ್ಲುವುದು ಹೆಗಲಿನಿಂದ, ನಡೆಯುವುದು ಕಾಲಿನಿಂದ.

ಮೂರನೇ ವಾರ ಒಬ್ಬನಿಗೆ ಒಬ್ಬ. ಇಬ್ಬರೂ ಮಂಡಿಯೂರಿ ಹೆಗಲಿಗೆ ಹೆಗಲು ಕೊಟ್ಟು, ಎದುರಿನವನ ಜೆರ್ಸಿ ಹಿಡಿಯುವುದು. ತೋಳು ಹಿಡಿಯುವ ಹಾಗಿಲ್ಲ, ಬೆನ್ನಿನ ಅಥವಾ ಪಕ್ಕದ ಜೆರ್ಸಿಯನ್ನೇ ಹಿಡಿಯಬೇಕು. ಒಬ್ಬ ಮೆಲ್ಲಗೆ ಒರಗುತ್ತಾನೆ, ಇನ್ನೊಬ್ಬ ತಡೆದು ನಿಲ್ಲುತ್ತಾನೆ. ಗೆಲುವು ಸೋಲು ಇಲ್ಲ. ನಂತರ ನಿಂತು ಅದೇ ಅಭ್ಯಾಸ. ಆಮೇಲೆ ಮೂವರಿಗೆ ಮೂವರು, ಲಾಕ್‌ಗಳು ಸೇರಿ ಐವರಿಗೆ ಐವರು, ಕೊನೆಗೆ ಎಂಟು. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನ ಮೆಟ್ಟಿಲಿಲ್ಲ. ನಮ್ಮ ಗರಡಿಮನೆಗಳಲ್ಲೂ ಹೀಗೇ ಅಲ್ಲವೇ? ಮಟ್ಟಿಗೆ ಇಳಿದ ದಿನವೇ ಯಾವ ಉಸ್ತಾದರೂ ಜೋಡಿ ಕಟ್ಟುವುದಿಲ್ಲ. ಮೊದಲು ದಂಡ, ಬಸ್ಕಿ, ಕತ್ತಿನ ಕಸರತ್ತು.

ಬೀಳುವುದನ್ನೂ ಕಲಿಸಿದರು. ಸ್ಕ್ರಮ್ ಕುಸಿದರೆ ರೆಫರಿ ತಕ್ಷಣ ಸೀಟಿ ಊದುತ್ತಾರೆ. ಊದಿದ ಕ್ಷಣ ಎಲ್ಲರೂ ತಳ್ಳುವುದನ್ನು ಬಿಡಬೇಕು, ಅದರಲ್ಲೂ ಹಿಂದಿನವರು. ಕೋಚ್ ತಮ್ಮದೊಂದು ನಿಯಮ ಸೇರಿಸಿದ್ದರು. ಅಭ್ಯಾಸದಲ್ಲಿ ಯಾರೇ ಆಗಲಿ “ಕತ್ತು” ಎಂದು ಕೂಗಿದರೆ ಎಲ್ಲವೂ ಅಲ್ಲಿಗೇ ನಿಲ್ಲಬೇಕು. ಕೂಗಿದವನನ್ನು ಯಾರೂ ಅಣಕಿಸಬಾರದು. ಒಬ್ಬ ಅಣಕಿಸಿದ. ಅವನನ್ನು ಆ ಸಂಜೆ ಪೂರ್ತಿ ನನ್ನ ಪಕ್ಕದ ಬೆಂಚಿನಲ್ಲಿ ಕೂರಿಸಿದರು.

ಮೂರು ಮಾತು

ಪಂದ್ಯದಲ್ಲಿ ಸ್ಕ್ರಮ್ ಕಟ್ಟುವಾಗ ರೆಫರಿ ಮೂರು ಮಾತು ಹೇಳುತ್ತಾರೆ. “ಕ್ರೌಚ್” ಎಂದಾಗ ಮೊದಲ ಸಾಲಿನವರು ಬಾಗಬೇಕು. “ಬೈಂಡ್” ಎಂದಾಗ ಎದುರಿನ ಪ್ರಾಪ್‌ನ ಜೆರ್ಸಿ ಹಿಡಿಯಬೇಕು. “ಸೆಟ್” ಎಂದಾಗ ಹೆಗಲು ಕೂಡಿಸಬೇಕು. ಹಿಂದೆಲ್ಲ ಸ್ವಲ್ಪ ದೂರದಿಂದ ನುಗ್ಗಿ ಡಿಕ್ಕಿ ಹೊಡೆಯುತ್ತಿದ್ದರು. ಆ ಪೆಟ್ಟು ಎಷ್ಟು ಜೋರು ಎಂದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಅಳೆದು ನೋಡಿದರು. ಆಮೇಲೆ 2013ರಲ್ಲಿ ಈ ಕ್ರಮ ಬಂತು. ಮೊದಲೇ ಹಿಡಿದುಕೊಂಡಿರುವುದರಿಂದ ನುಗ್ಗಲು ಜಾಗವೇ ಇಲ್ಲ.

ಆಮೇಲಿನದು ಹೊಂದಾಣಿಕೆ. ಹಗ್ಗ ಜಗ್ಗಾಟದಲ್ಲಿ ಕೂಗಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಎಳೆದರೆ ಮಾತ್ರ ಹಗ್ಗ ಬರುತ್ತದೆ. ತೇರು ಎಳೆಯುವಾಗಲೂ ಅಷ್ಟೇ. ಎಂಟು ಹುಡುಗರು ಎಂಟು ಸಲ ತಳ್ಳಿದರೆ ಸ್ಕ್ರಮ್ ಅಲುಗುವುದಿಲ್ಲ, ಕುಸಿಯುತ್ತದೆ. ಒಂದೇ ಸಲ ತಳ್ಳಿದರೆ ಸಣ್ಣ ಹುಡುಗರ ತಂಡವೂ ದೊಡ್ಡವರನ್ನು ತಡೆದು ನಿಲ್ಲಿಸುತ್ತದೆ. ಇದನ್ನು ನಾನೇ ಎರಡು ಮೂರು ಸಲ ನೋಡಿದೆ.

ಆರಿಸುವುದು ಹೇಗೆ?

ಈಗ ಮಂಡ್ಯದ ಮರಿಯ ಪ್ರಶ್ನೆ. ದಪ್ಪಗಿರುವವರನ್ನೇ ಆರಿಸುತ್ತಾರಾ?

ಮೈಭಾರ ಲೆಕ್ಕಕ್ಕೆ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ಅದೊಂದನ್ನೇ ನೋಡುವವನು ಒಳ್ಳೆಯ ಕೋಚ್ ಅಲ್ಲ. ನಮ್ಮ ಕೋಚ್ ಮೊದಲ ತಿಂಗಳು ಯಾರಿಗೂ ಜಾಗ ಗೊತ್ತುಮಾಡಲಿಲ್ಲ. ಎಲ್ಲರೂ ಎಲ್ಲ ಜಾಗದ ಅಭ್ಯಾಸ ಮಾಡಿದರು. ಅವರು ಒಂದು ಸಣ್ಣ ಪುಸ್ತಕ ಹಿಡಿದು ನೋಡುತ್ತಿದ್ದರು.

ಪ್ರಾಪ್‌ಗೆ ಬೇಕಾದದ್ದು ಗಟ್ಟಿ ಕತ್ತು, ದಣಿದಾಗಲೂ ಬಾಗದ ಬೆನ್ನು, ತಾಳ್ಮೆ. ಎರಡು ಪ್ರಾಪ್‌ಗಳ ಕೆಲಸವೂ ಒಂದೇ ಅಲ್ಲ. ಒಂದನೇ ನಂಬರಿನವನ ತಲೆಯ ಎಡಪಕ್ಕ ಖಾಲಿ ಇರುತ್ತದೆ. ಮೂರನೇ ನಂಬರಿನವನ ತಲೆ ಎದುರಾಳಿ ಪ್ರಾಪ್ ಮತ್ತು ಹೂಕರ್ ಇಬ್ಬರ ನಡುವೆ ಸಿಕ್ಕಿರುತ್ತದೆ, ಎರಡೂ ಹೆಗಲ ಮೇಲೆ ಭಾರ. ಅದಕ್ಕೇ ಮೂರನೇ ನಂಬರಿಗೆ ಎಲ್ಲರಿಗಿಂತ ಸ್ಥಿರವಾದ ಹುಡುಗ ಬೇಕು. ಹೂಕರ್‌ಗೆ ಸಮಯಪ್ರಜ್ಞೆ ಬೇಕು. ಚೆಂಡು ಒಳಗೆ ಬಂದ ಕ್ಷಣದಲ್ಲೇ ಕಾಲು ಹೋಗಬೇಕು. ಚೆಂಡು ಅಂಗಳದ ಗೆರೆ ದಾಟಿದಾಗ ಅದನ್ನು ಒಳಗೆ ಎಸೆಯುವವನೂ ಸಾಮಾನ್ಯವಾಗಿ ಅವನೇ. ಆದ್ದರಿಂದ ಗುರಿಯೂ ಬೇಕು. ಲಾಕ್‌ಗಳು ಉದ್ದವಿದ್ದರೆ ಅನುಕೂಲ. ಹಾಗೆ ಎಸೆದ ಚೆಂಡನ್ನು ಎತ್ತರದಲ್ಲಿ ಹಿಡಿಯುವುದು ಹೆಚ್ಚಾಗಿ ಅವರ ಕೆಲಸ. ಫ್ಲ್ಯಾಂಕರ್‌ಗಳು ಚುರುಕು. ಸ್ಕ್ರಮ್ ಬಿಚ್ಚಿದ ಕೂಡಲೇ ಓಡಿ ಎದುರಾಳಿಯನ್ನು ಹಿಡಿಯಬೇಕು. ನಮ್ಮ ಕಬಡ್ಡಿಯಲ್ಲಿ ಒಳ್ಳೆಯ ಕ್ಯಾಚರ್ ಯಾರೋ ಅವನು ಇಲ್ಲಿ ಫ್ಲ್ಯಾಂಕರ್ ಆದಾನು. ಎಂಟನೇ ನಂಬರಿನವನ ಕಾಲ ಬಳಿ ಚೆಂಡು ಬಂದು ನಿಲ್ಲುತ್ತದೆ. ಅದನ್ನು ಎತ್ತಿಕೊಂಡು ಓಡುವುದೋ, ಹಿಂದಿನವನಿಗೆ ಬಿಡುವುದೋ ಅವನೇ ತೀರ್ಮಾನಿಸಬೇಕು.

ನನ್ನ ಮೊಮ್ಮಗ ಕಡ್ಡಿ ಹಾಗಿದ್ದಾನೆ. ಅವನಿಗೆ ಆರನೇ ನಂಬರ್ ಸಿಕ್ಕಿತು. ಯಾಕೆ ಎಂದು ಕೋಚ್‌ರನ್ನು ಕೇಳಿದೆ. ಪುಸ್ತಕ ತೆರೆದು ತೋರಿಸಿದರು. ಅವನ ಹೆಸರಿನ ಮುಂದೆ ಎರಡೇ ಮಾತು ಬರೆದಿದ್ದರು: ‘ಬಿದ್ದವನು ಮೊದಲು ಎದ್ದ’.

ಮುಂದಿನ ಸಾಲಿಗೆ ಮಾತ್ರ ಅವರು ಇನ್ನೊಂದು ಕೆಲಸ ಮಾಡಿದರು. ಆರಿಸಿದ ಪ್ರತಿ ಹುಡುಗನನ್ನೂ ಒಬ್ಬೊಬ್ಬನಾಗಿ ಕರೆದು, “ನಿನಗೆ ಅಲ್ಲಿ ನಿಲ್ಲಲು ಇಷ್ಟವಿದೆಯೇ?” ಎಂದು ಕೇಳಿದರು. ಆಮೇಲೆ ಅವರ ಮನೆಯವರನ್ನೂ ಕೇಳಿದರು. ಒಬ್ಬ ಹುಡುಗ ತಲೆ ಅಲ್ಲಾಡಿಸಿದ. ಅವನನ್ನು ಬ್ಯಾಕ್‌ಗಳ ಜೊತೆ ಸೇರಿಸಿದರು. ಯಾಕೆ ಎಂದು ಕೇಳಲಿಲ್ಲ.

ಒಂದು ಶನಿವಾರ

ಈಗ ಆ ಶನಿವಾರದ ವಿಷಯ ಹೇಳಲೇಬೇಕು.

ತಂಡಕ್ಕೆ ಹೊಸದಾಗಿ ಒಬ್ಬ ಹುಡುಗ ಸೇರಿದ್ದ. ತರಗತಿಯಲ್ಲೇ ದೊಡ್ಡ ಮೈ. ಸಮೋವಾ ದ್ವೀಪದ ಕಡೆಯ ಮನೆತನ. ಆಕ್ಲೆಂಡಿನಲ್ಲಿ ಆ ಕಡೆಯವರು ತುಂಬಾ ಜನ ಇದ್ದಾರೆ. ಹುಡುಗ ಮಾತ್ರ ಮೃದು, ದನಿ ಎತ್ತಿ ಮಾತಾಡಿದವನಲ್ಲ. ಅವನ ಅಜ್ಜಿ ಪ್ರತಿ ಪಂದ್ಯಕ್ಕೂ ಕಂಬಳಿ ಹೊದ್ದು ಬರುತ್ತಿದ್ದರು. ನಾವಿಬ್ಬರೂ ಒಂದೇ ಬೆಂಚಿನವರು. ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ, ನನ್ನದೂ ಹಾಗೇ. ಫ್ಲಾಸ್ಕಿನ ಚಹಾ ಹಂಚಿಕೊಳ್ಳಲು ಅಷ್ಟು ಸಾಕಾಗಿತ್ತು.

ಅವನು ಬಂದು ಆಗ ಎರಡೇ ವಾರ. ಬಾಟಲಿಯ ಪಾಠದಲ್ಲೇ ಇದ್ದ. ಆ ಬೆಳಿಗ್ಗೆ ಪ್ರಾಪ್ ಹುಡುಗನೊಬ್ಬನಿಗೆ ಜ್ವರ. ಬದಲಿ ಪ್ರಾಪ್‌ನ ಕಾಲು ಹಿಂದಿನ ವಾರ ಉಳುಕಿತ್ತು. ಎದುರಿನದು ಬಲವಾದ ತಂಡ. ಗೆಲ್ಲಲೇಬೇಕಾದ ಪಂದ್ಯ.

ಮೈದಾನದ ಅಂಚಿನಲ್ಲಿ ನಿಂತಿದ್ದ ತಂದೆಯರಲ್ಲಿ ಇಬ್ಬರು ಮೂವರು ಕೂಗಿದರು. “ಆ ದೊಡ್ಡ ಹುಡುಗನನ್ನು ಹಾಕಿ. ಅವನೊಬ್ಬನೇ ಮೂವರನ್ನು ತಳ್ಳುತ್ತಾನೆ!” ಹುಡುಗನೂ ಸಿದ್ಧನಾಗಿ ಎದ್ದು ನಿಂತ. ಅವನ ಅಜ್ಜಿ ನನ್ನ ಪಕ್ಕದಲ್ಲಿ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

ಕೋಚ್ ಯಾರ ಕಡೆಯೂ ನೋಡಲಿಲ್ಲ. ನೇರ ರೆಫರಿಯ ಬಳಿ ಹೋಗಿ, ಮುಂದಿನ ಸಾಲಿಗೆ ತರಬೇತಿಯಾದ ಹುಡುಗರು ನಮ್ಮಲ್ಲಿ ಸಾಲುವುದಿಲ್ಲ ಎಂದು ತಿಳಿಸಿದರು. ರಗ್ಬಿಯ ನಿಯಮವೇ ಹೀಗಿದೆ. ಪಂದ್ಯಕ್ಕೆ ಮೊದಲೇ ಮುಂದಿನ ಸಾಲಿನಲ್ಲಿ ಆಡಬಲ್ಲವರು ಯಾರು ಎಂದು ರೆಫರಿಗೆ ತಿಳಿಸಬೇಕು. ತರಬೇತಿಯಾದವರು ಸಾಲದಿದ್ದರೆ ತಳ್ಳಾಟವಿಲ್ಲದ ಸ್ಕ್ರಮ್. ಎರಡೂ ತಂಡ ಕಟ್ಟಿ ನಿಲ್ಲುತ್ತವೆ, ಯಾರೂ ತಳ್ಳುವ ಹಾಗಿಲ್ಲ, ಚೆಂಡು ಹಾಕಿದ ತಂಡಕ್ಕೇ ಚೆಂಡು ಸಿಗುತ್ತದೆ.

ಆರು ವಾರ ಸ್ಕ್ರಮ್ ಕಲಿತ ನಮ್ಮ ಹುಡುಗರಿಗೆ ಅಂದು ಅದರಿಂದ ಒಂದು ಗೇಣಿನ ಲಾಭವೂ ಆಗಲಿಲ್ಲ. 12–10ರಲ್ಲಿ ಸೋತರು. ಕ್ಯಾಪ್ಟನ್ ಹುಡುಗ ಬೂಟು ಕಿತ್ತು ಎಸೆದ. ಒಬ್ಬ ತಂದೆ ಕೋಚ್‌ಗೆ ಕೈಕೊಡದೆ ಕಾರು ಹತ್ತಿದರು. ಕೋಚ್ ಹುಡುಗರನ್ನು ಕೂರಿಸಿ ಹೇಳಿದ್ದು ಇಷ್ಟೇ: “ಎರಡು ಪಾಯಿಂಟ್ ಹೋಯಿತು. ಮುಂದಿನ ಶನಿವಾರ ಮತ್ತೆ ಗಳಿಸಬಹುದು. ಎಲ್ಲರೂ ನಡೆದುಕೊಂಡು ಮನೆಗೆ ಹೋಗುತ್ತಿದ್ದೀರಿ. ಅದು ನನಗೆ ಸಾಕು.”

ಸಮೋವಾದ ಅಜ್ಜಿ ಮೆಲ್ಲಗೆ ನಡೆದು ಹೋಗಿ ಕೋಚ್‌ರ ಎರಡೂ ಕೈ ಹಿಡಿದುಕೊಂಡರು. ಏನು ಹೇಳಿದರೋ ನನಗೆ ಕೇಳಲಿಲ್ಲ.

ಮತ್ತೆ ಐದು ವಾರ ಆ ಹುಡುಗ ಎಲ್ಲ ಮೆಟ್ಟಿಲು ಹತ್ತಿದ. ಆಮೇಲೆ ಮೂರನೇ ನಂಬರಿನ ಜೆರ್ಸಿ ಹಾಕಿ ಒಳಗೆ ಹೋದ. ಮೊದಲ ಸ್ಕ್ರಮ್‌ನಲ್ಲಿ ಅವನು ಯಾರನ್ನೂ ಮಾರುದ್ದ ತಳ್ಳಲಿಲ್ಲ. ಬೆನ್ನು ಹಲಗೆಯ ಹಾಗಿತ್ತು. ಚೆಂಡು ಸಲೀಸಾಗಿ ಹಿಂದೆ ಬಂತು.

ಕತ್ತಿನ ಲೆಕ್ಕ

ಇಷ್ಟೊಂದು ಎಚ್ಚರಿಕೆ ಯಾಕೆ ಎಂದು ಕೇಳಬಹುದು. ಹಿಂದೆ ಸ್ಕ್ರಮ್ ಕುಸಿದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದ ಆಟಗಾರರಿದ್ದಾರೆ. ಅದಕ್ಕಾಗಿ ನ್ಯೂಜಿಲೆಂಡಿನಲ್ಲಿ 2001ರಲ್ಲಿ ‘ರಗ್ಬಿಸ್ಮಾರ್ಟ್’ ಎಂಬ ಯೋಜನೆ ತಂದರು. ಕೋಚ್‌ಗಳೂ ರೆಫರಿಗಳೂ ಪ್ರತಿ ವರ್ಷ ಸುರಕ್ಷತೆಯ ಪಾಠಕ್ಕೆ ಕೂರಲೇಬೇಕು. ಹಿಂದಿನ ವರ್ಷಗಳ ಲೆಕ್ಕ ಹಿಡಿದರೆ 2001ರಿಂದ 2005ರೊಳಗೆ ಸ್ಕ್ರಮ್‌ನಿಂದ ಅಂಥ ಗಂಭೀರ ಪೆಟ್ಟು 9 ಆಗಬಹುದೆಂಬ ಅಂದಾಜಿತ್ತು. ಆದದ್ದು 1. ಆ ಒಂದೂ ಆಗಬಾರದಿತ್ತು, ನಿಜ. ಆದರೆ ಕಲಿಸಿದ್ದರಿಂದ ಉಳಿದ ಕತ್ತುಗಳನ್ನೂ ಎಣಿಸಬೇಕಲ್ಲ.

19 ವರ್ಷದೊಳಗಿನವರಿಗೆ ನಿಯಮ ಇನ್ನೂ ಬಿಗಿ. ಸ್ಕ್ರಮ್‌ನಲ್ಲಿ ಎದುರಾಳಿಯನ್ನು ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುವ ಹಾಗಿಲ್ಲ. ಬೇಕೆಂದೇ ಸ್ಕ್ರಮ್ ತಿರುಗಿಸುವ ಹಾಗಿಲ್ಲ. ತೀರಾ ಚಿಕ್ಕವರಿಗೆ ಕಡಿಮೆ ಜನರ, ತಳ್ಳಾಟವಿಲ್ಲದ ಸ್ಕ್ರಮ್. ಆಕ್ಲೆಂಡಿನ ಶಾಲೆಗಳಲ್ಲಿ ವಯಸ್ಸಿನ ಜೊತೆ ತೂಕದ ಮಿತಿಯೂ ಇರುವ ವಿಭಾಗಗಳಿವೆ, ನಮ್ಮಲ್ಲಿ ಕಿರಿಯರ ಕಬಡ್ಡಿಗೆ ತೂಕ ನೋಡುವ ಹಾಗೆ.

ಜಾಗ ಬದಲಾಗುತ್ತದೆ

ಮಕ್ಕಳು ಬೆಳೆಯುವ ವೇಗ ಒಂದೇ ಅಲ್ಲ. ಹದಿಮೂರರಲ್ಲಿ ಎಲ್ಲರಿಗಿಂತ ದೊಡ್ಡವನು ಹದಿನೇಳರಲ್ಲಿ ಸಾಧಾರಣನಾಗಬಹುದು. ಹಿಂದಿನ ಬೆಂಚಿನ ಪುಟ್ಟವನು ಬಾಗಿಲಿಗೆ ತಲೆ ತಗಲುವಷ್ಟು ಬೆಳೆಯಬಹುದು. ಅದಕ್ಕೇ ಇಂದು ಸಿಕ್ಕ ನಂಬರನ್ನು ಹಣೆಬರಹ ಅಂದುಕೊಳ್ಳಬಾರದು. ಇದಕ್ಕೆ ನ್ಯೂಜಿಲೆಂಡಿನ ಹಳೆಯ ಎದುರಾಳಿ ದಕ್ಷಿಣ ಆಫ್ರಿಕಾದ ತಂಡದಿಂದ ಇಬ್ಬರ ಕಥೆ ಹೇಳುತ್ತೇನೆ.

ಟೆಂಡೈ ಮ್ಟವಾರಿರಾ ಹುಟ್ಟಿದ್ದು ಜಿಂಬಾಬ್ವೆಯಲ್ಲಿ. ಮೊದಲು ಸ್ಕ್ರಮ್‌ನ ಹಿಂದಿನ ಸಾಲಿನಲ್ಲಿ ಆಡುತ್ತಿದ್ದ. ಕೋಚ್‌ಗಳ ಮಾತು ಕೇಳಿ ಪ್ರಾಪ್ ಆಗಲು ಮತ್ತೆ ಮೊದಲಿನಿಂದ ಕಲಿತ. ಮುಂದೆ ದಕ್ಷಿಣ ಆಫ್ರಿಕಾ ಪರ 117 ಟೆಸ್ಟ್ ಪಂದ್ಯ ಆಡಿದ. 2019ರ ವಿಶ್ವಕಪ್ ಫೈನಲ್‌ನಲ್ಲಿ ಅವರ ತಂಡ ಇಂಗ್ಲೆಂಡನ್ನು 32–12ರಿಂದ ಸೋಲಿಸಿದಾಗ, ಸ್ಕ್ರಮ್‌ನಲ್ಲಿ ಅವನ ಹೆಗಲು ದೊಡ್ಡ ಕೆಲಸ ಮಾಡಿತ್ತು.

ಆ ಪಂದ್ಯದ ಕ್ಯಾಪ್ಟನ್ ಸಿಯಾ ಕೊಲಿಸಿ, ಫ್ಲ್ಯಾಂಕರ್. ಅಜ್ಜಿಯರು ಇವನ ಕಥೆ ಕೇಳಬೇಕು. ಪೋರ್ಟ್ ಎಲಿಜಬೆತ್ ಊರಿನ ಜ್ವಿಡೆ ಎಂಬ ಬಡವರ ಬಡಾವಣೆಯಲ್ಲಿ ಅವನನ್ನು ಸಾಕಿದ್ದು ಅಪ್ಪನ ತಾಯಿ. ಆಯ್ಕೆಯ ಪಂದ್ಯಕ್ಕೆ ಆಟದ ಚಡ್ಡಿ ಇಲ್ಲದೆ ಒಳಚಡ್ಡಿಯಲ್ಲೇ ಆಡಿದ ಹುಡುಗ ಅವನು. ಹನ್ನೆರಡನೇ ವಯಸ್ಸಿಗೆ ಅವನ ಆಟ ನೋಡಿ ಒಂದು ಒಳ್ಳೆಯ ಶಾಲೆಗೆ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡರು. 2018ರಲ್ಲಿ ಆ ದೇಶದ ಟೆಸ್ಟ್ ತಂಡದ ಮೊದಲ ಕಪ್ಪುವರ್ಣದ ಕ್ಯಾಪ್ಟನ್ ಆದ. 2019 ಮತ್ತು 2023, ಎರಡು ಸಲ ವಿಶ್ವಕಪ್ ಎತ್ತಿದ. ಅಂದು ಆರಿಸಿದವರು ತೂಕದ ಯಂತ್ರವನ್ನಷ್ಟೇ ನೋಡಿ ಆರಿಸಿದ್ದರೆ?

ಅಜ್ಜಿಯರಿಗೆ, ತಾತಂದಿರಿಗೆ

ಹಾಸನದ ತಾಯೀ, ಈ ಆಟದಲ್ಲಿ ಪೆಟ್ಟೇ ಆಗದು ಎಂದು ನಾನು ಹೇಳಲಾರೆ. ಹೆಚ್ಚಿನ ಪೆಟ್ಟು ಸ್ಕ್ರಮ್‌ನಲ್ಲಲ್ಲ, ಓಡುವವನನ್ನು ಹಿಡಿದು ಬೀಳಿಸುವಾಗ ಆಗುತ್ತದೆ. ಬೇಡ ಎನ್ನುವ ಮೊದಲು ಮೊಮ್ಮಗನಿಗೆ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಒಂದು, ಕೋಚ್ ನಿನಗೆ ಎಷ್ಟು ವಾರ ಸ್ಕ್ರಮ್ ಕಲಿಸಿದರು, ಒಬ್ಬನಿಗೆ ಒಬ್ಬ ಎಂದು ಶುರುಮಾಡಿದರೋ ಮೊದಲ ದಿನವೇ ಎಂಟು ಜನ ಕಟ್ಟಿಸಿದರೋ? ಎರಡು, ನಿನಗೆ ಅಲ್ಲಿ ನಿಲ್ಲಲು ಇಷ್ಟವೇ ಎಂದು ಕೇಳಿದರೇ? ಮೂರು, ಭಯವಾದರೆ, ನೋವಾದರೆ ಕೂಗಿ ನಿಲ್ಲಿಸಬಹುದೇ? ನಾಲ್ಕು, ತಲೆಗೆ ಪೆಟ್ಟಾದರೆ ತಕ್ಷಣ ಹೊರಗೆ ಕೂರಿಸುತ್ತಾರೆಯೇ?

ನಾಲ್ಕಕ್ಕೂ ಒಳ್ಳೆಯ ಉತ್ತರ ಬಂದರೆ ನಿಶ್ಚಿಂತೆಯಿಂದ ಮಲಗಿ. ಒಂದಕ್ಕೆ ತಡವರಿಸಿದರೂ ಮಗಳು, ಅಳಿಯ ಶಾಲೆಗೆ ಹೋಗಿ ಕೋಚ್‌ರನ್ನು ಕಂಡು ಮಾತಾಡಲಿ. ಒಳ್ಳೆಯ ಕೋಚ್ ಇಂಥ ಪ್ರಶ್ನೆಗೆ ಬೇಸರಪಡುವುದಿಲ್ಲ. ಅವರು ಎಂಥವರು ಎನ್ನುವುದು ಮುಂದಿನ ಸಾಲಿಗೆ ಯಾರನ್ನು ಹಾಕಿದರು ಎಂಬುದಕ್ಕಿಂತ, ಯಾರನ್ನು ಹಾಕಲು ಒಪ್ಪಲಿಲ್ಲ ಎಂಬುದರಲ್ಲಿ ಗೊತ್ತಾಗುತ್ತದೆ.

ಮಂಡ್ಯದ ಮರಿ, ನಿನಗೂ ನಿನ್ನ ಗೆಳೆಯರಿಗೂ ಒಂದು ಮಾತು. ಇದನ್ನು ಓದಿ ಶಾಲೆಯ ಅಂಗಳದಲ್ಲಿ ಸ್ಕ್ರಮ್ ಕಟ್ಟಬೇಡಿ. ಹೆಗಲಿಗೆ ಹೆಗಲು ಕೊಡುವುದನ್ನು ಬಲ್ಲವರು ಕಲಿಸಿದರೆ ಮಾತ್ರ ಕಲಿಯಿರಿ. ಬೇಕಿದ್ದರೆ ಬಾಟಲಿಯ ಆಟ ಆಡಿ. ಚಾಪೆಯ ಮೇಲೆ ಅಂಬೆಗಾಲಿನಲ್ಲಿ ಊರಿ, ಮಂಡಿ ಎರಡು ಬೆರಳಷ್ಟು ಎತ್ತಿ, ಬೆನ್ನ ಮೇಲೆ ಅರ್ಧ ತುಂಬಿದ ಬಾಟಲಿ. ಮುಚ್ಚಳ ಬಿಗಿಯಾಗಿರಲಿ! ತಾತನೋ ಅಜ್ಜಿಯೋ ಇಪ್ಪತ್ತರವರೆಗೆ ಎಣಿಸಲಿ. ಉರುಳದಿದ್ದರೆ ನೀನು ಗೆದ್ದೆ.

ಕಳೆದ ವಾರದ ಉತ್ತರ: ಖೋ ಖೋ ಆಟದಲ್ಲಿ ಚೌಕಗಳಲ್ಲಿ ಕೂರುವವರು 8 ಮಂದಿ. ಬೆನ್ನಟ್ಟುವವನು ಒಂಬತ್ತನೆಯವನು.

ಈ ವಾರದ ಪ್ರಶ್ನೆ: 19 ವರ್ಷದೊಳಗಿನವರ ಪಂದ್ಯದಲ್ಲಿ ಒಂದು ತಂಡದ ಫಾರ್ವರ್ಡ್ ಒಬ್ಬ ಪೆಟ್ಟಾಗಿ ಹೊರಗೆ ಹೋದ, ಬದಲಿಗೆ ಯಾರೂ ಇಲ್ಲ. ಸ್ಕ್ರಮ್‌ಗೆ ಅವರು ಏಳೇ ಜನ ನಿಂತಿದ್ದಾರೆ. ಹಾಗಾದರೆ ಎದುರಿನ ತಂಡದವರು ಎಷ್ಟು ಜನ ನಿಲ್ಲಬೇಕು? ಯಾಕೆ? ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಸುಳಿವು ಬೇಕೆಂದರೆ ಆ ಶನಿವಾರದ ಕಥೆಯನ್ನು ಇನ್ನೊಮ್ಮೆ ಓದಿ.